ಒಂದೇ ಆಂಪು, ಅಣ್ಣನ ಗಿಟಾರು, ತಮ್ಮನ ಬೇಸು

ಹೋದ ವರ್ಷದ ಗಣಪತಿ ಹಬ್ಬ. ವಿಸರ್ಜನೆಯ ಹಿಂದಿನ ರಾತ್ರಿ ಅರಳಿಕಟ್ಟೆ ಮುಂದೆ ನಮ್ಮೂರ ಹುಡುಗರದ್ದೇ ರಸಮಂಜರಿ. ಶಾಮಿಯಾನದ ಕೆಳಗೆ ಹೆಂಗಸರು ಮಕ್ಕಳು ಚಾಪೆ ಹಾಸಿಕೊಂಡು ಕೂತಿದ್ದರು. ಗಂಡಸರು ಎಂದಿನಂತೆ ಹಿಂದುಗಡೆ, ಬೈಕುಗಳ ಮೇಲೆ. ಎರಡು ಹಾಡು ಚೆನ್ನಾಗಿಯೇ ಆದವು. ಮೂರನೇ ಹಾಡಿನ ನಡುವೆ ನನ್ನ ಆಂಪ್ಲಿಫೈಯರ್‌ನಿಂದ ‘ಪರ್ರ್’ ಅಂತ ಹಳೇ ಬಟ್ಟೆ ಹರಿದ ಹಾಗೆ ಸದ್ದು ಬಂತು. ಅಲ್ಲಿಂದ ಆಚೆಗೆ ಬಂದದ್ದೆಲ್ಲ ನೆಗಡಿಯಾದವನು ಹಾಡಿದಂಥ ಗೊಗ್ಗರು ಸದ್ದು. ಮುಂದಿನ ಸಾಲಿನ ಮಕ್ಕಳು ಕಿವಿ ಮುಚ್ಚಿಕೊಂಡು ನಕ್ಕವು.

ನಾನು ತಿರುಗಿ ತಮ್ಮನ ಕಡೆ ನೋಡಿದೆ. ಅವನ ಬೇಸ್ ಗಿಟಾರಿನ ವೈರೂ ಅದೇ ಆಂಪಿಗೆ ಸಿಕ್ಕಿಸಿತ್ತು. “ನಿನ್ನ ಬೇಸಿಂದ ನನ್ನ ಆಂಪು ಹೋಯ್ತಲ್ಲೋ” ಅಂದೆ. ಮೆಲ್ಲಗೇ ಹೇಳಿದ್ದೆ ಅಂದುಕೊಂಡಿದ್ದೆ. ಆದರೆ ಪಕ್ಕದಲ್ಲೇ ಹಾಡುಗಾರನ ಮೈಕು ಆನ್ ಇತ್ತು. ಊರಿಗೆಲ್ಲ ಕೇಳಿಸಿತು.

ತಮ್ಮ ಏನೂ ಮಾತಾಡಲಿಲ್ಲ. ವೈರು ಕಿತ್ತು, ಸುತ್ತಿ, ಬೇಸನ್ನು ಚೀಲಕ್ಕೆ ಹಾಕಿ, ಕಟ್ಟೆಯ ಹಿಂದಿನಿಂದ ಇಳಿದು ಮನೆಗೆ ಹೋದ. ಉಳಿದ ಕಾರ್ಯಕ್ರಮವನ್ನು ಕೀಬೋರ್ಡ್, ಡ್ರಮ್ಸ್ ಇಟ್ಟುಕೊಂಡು ಹೇಗೋ ಮುಗಿಸಿದೆವು.

ಎಲೆಕ್ಟ್ರಿಕ್ ಗಿಟಾರಿಗೂ ಬೇಸ್ ಗಿಟಾರಿಗೂ ಸೇರಿ ಒಂದೇ ಆಂಪು ಕೊಳ್ಳುವುದಾದರೆ ಯಾವುದನ್ನು ಕೊಳ್ಳಬೇಕು? ನಮ್ಮಂಥ ಹಳ್ಳಿ ತಂಡಗಳಿಗೆಲ್ಲ ಒಂದಲ್ಲ ಒಂದು ದಿನ ಬರುವ ಪ್ರಶ್ನೆ ಇದು. ಎರಡು ಆಂಪಿಗೆ ದುಡ್ಡಿರುವುದಿಲ್ಲ. ನಾವು ಅದಕ್ಕೆ ಉತ್ತರ ಕಂಡುಕೊಂಡ ದಾರಿ ಇಲ್ಲಿ ಬರೆದಿದ್ದೇನೆ. ಆ ರಾತ್ರಿ ನಾನಾಡಿದ ಮಾತಿಗೂ ಇದಕ್ಕೂ ಸಂಬಂಧ ಇದೆ.

ನಮ್ಮೂರು ತಿಪಟೂರಿನಿಂದ ಹನ್ನೆರಡು ಕಿಲೋಮೀಟರ್. ತೆಂಗಿನ ತೋಟ, ಒಂದಿಷ್ಟು ರಾಗಿ ಹೊಲ. ಡಿಗ್ರಿ ಓದುವಾಗ ಹಾಸ್ಟೆಲ್‌ನಲ್ಲಿ ಸೀನಿಯರ್ ಒಬ್ಬರ ಹಳೇ ಗಿಟಾರ್ ಹಿಡಿದು ಕಲಿತವನು ನಾನು. ಊರಿಗೆ ಬಂದ ಮೇಲೆ ಸ್ನೇಹಿತರು ಸೇರಿ ತಂಡ ಕಟ್ಟಿದೆವು. ಗಿಟಾರ್ ಬೇಕು ಅನ್ನುವವರು ಮೂರು ಜನ ಇದ್ದರು, ಬೇಸ್ ನುಡಿಸುತ್ತೇನೆ ಅನ್ನುವವರು ಒಬ್ಬರೂ ಇರಲಿಲ್ಲ. ಬೇಸ್ ಅಂದರೆ ನಾಲ್ಕು ತಂತಿ, ಹಿಂದೆ ನಿಂತು ‘ಡುಂ ಡುಂ’ ಅನ್ನಿಸುವ ಕೆಲಸ, ಫೋಟೋದಲ್ಲಿ ಮುಖವೂ ಬೀಳುವುದಿಲ್ಲ ಅನ್ನುವುದು ನಮ್ಮ ತಿಳಿವಳಿಕೆ. ಆಗ ಪಿಯುಸಿ ಓದುತ್ತಿದ್ದ ತಮ್ಮನಿಗೆ, “ಬಾರೋ, ನೀನೇ ನುಡಿಸು” ಅಂದೆ. ಅವನು ಬಂದ. ಯಾಕೆ ಬಂದ ಅಂತ ಕೇಳುವ ಯೋಚನೆ ಕೂಡ ನನಗೆ ಬರಲಿಲ್ಲ.

ಅವನು ಇಳಯರಾಜಾ ಹಾಡುಗಳನ್ನು ಇಯರ್‌ಫೋನ್ ಹಾಕಿಕೊಂಡು ಕೇಳುತ್ತಾ ಕಲಿತ. 1981ರ ‘ಗೀತಾ’ ಸಿನಿಮಾದ ಹಾಡುಗಳನ್ನು ಮನೆಯಲ್ಲಿ ನೂರು ಸಲ ಹಾಕಿರಬೇಕು. ನಾವು ಕೇಳುತ್ತಿದ್ದುದು ಹಾಡು. ಅವನು ಕೇಳುತ್ತಿದ್ದುದು ಹಾಡಿನ ಕೆಳಗೆ ಬೇರೆಯೇ ಒಂದು ಹಾಡಿನ ಥರ ಹರಿಯುವ ಬೇಸು.

ನಮ್ಮ ಹತ್ತಿರ ಇದ್ದದ್ದು 20 ವ್ಯಾಟಿನ ಒಂದು ಗಿಟಾರ್ ಆಂಪು. ಒಳಗೆ 8 ಇಂಚಿನ ಸ್ಪೀಕರ್. ಗಿಟಾರ್ ವೈರು ಸಿಕ್ಕಿಸಲು ಇದ್ದದ್ದು ಒಂದೇ ತೂತು. ನಾನೇ ಬೆಸುಗೆ ಹಾಕಿ ಒಂದು ಕವಲು ವೈರು ಮಾಡಿದ್ದೆ. ಎರಡು ಗಿಟಾರ್ ಒಂದು ಕಡೆ ಸೇರಿ ಆಂಪಿಗೆ ಹೋಗುತ್ತಿದ್ದವು. ಹಬ್ಬದ ರಾತ್ರಿ ಹಿಂದೆ ಬೈಕುಗಳ ಮೇಲೆ ಕೂತವರಿಗೂ ಕೇಳಲಿ ಅಂತ ವಾಲ್ಯೂಮನ್ನು ಕೊನೆಯವರೆಗೆ ತಿರುಗಿಸಿದವನೂ ನಾನೇ.

ಹಬ್ಬ ಕಳೆದು ಎರಡು ದಿನಕ್ಕೆ ಆಂಪನ್ನು ಬೈಕಿಗೆ ಕಟ್ಟಿಕೊಂಡು ತಿಪಟೂರಿಗೆ ಹೋದೆ. ಮೈಕ್ ಸೆಟ್ ರಿಪೇರಿ ಮಾಡುವ ಯಜಮಾನರೊಬ್ಬರಿದ್ದಾರೆ, ನಲವತ್ತು ವರ್ಷದ ಅನುಭವ. ತಮ್ಮನನ್ನೂ ಕರೆದೆ. ಬಂದ, ಹಿಂದೆ ಕೂತ, ದಾರಿಯುದ್ದಕ್ಕೂ ಒಂದು ಮಾತಿಲ್ಲ.

ಯಜಮಾನರು ಸ್ಕ್ರೂ ಬಿಚ್ಚಿ ಸ್ಪೀಕರನ್ನು ಹೊರಗೆ ತೆಗೆದು ಬೆಳಕಿಗೆ ಹಿಡಿದರು. ಕಾಗದದ ಕೋನು ಅಂಚಿನ ಉದ್ದಕ್ಕೂ ಅರ್ಧ ಸುತ್ತು ಹರಿದಿತ್ತು. ಬೆರಳಲ್ಲಿ ಮೆಲ್ಲಗೆ ಒತ್ತಿದರು. ಒಳಗೆ ‘ಕರ ಕರ’ ಅಂತು.

“ಕೋನೂ ಹೋಗಿದೆ, ಕಾಯಿಲೂ ಉಜ್ಜುತಾ ಇದೆ. ಇದಕ್ಕೆ ಬೇಸ್ ಹಾಕಿದ್ರಾ?”

“ಹೌದು ಯಜಮಾನ್ರೇ.”

“ಹಾಕಿದ್ದು ಯಾರು?”

ತಮ್ಮ ನನ್ನ ಕಡೆ ನೋಡಲಿಲ್ಲ. ಗೋಡೆ ಮೇಲಿದ್ದ ಕ್ಯಾಲೆಂಡರ್ ನೋಡುತ್ತಾ ನಿಂತಿದ್ದ. “ನಾನೇ” ಅಂದೆ.

ಆವತ್ತು ಅವರು ವಿವರಿಸಿದ್ದನ್ನೂ ಆಮೇಲೆ ಓದಿ ತಿಳಿದುಕೊಂಡದ್ದನ್ನೂ ಸೇರಿಸಿ ಹೇಳುತ್ತೇನೆ. ಗಿಟಾರಿನ ದಪ್ಪ ತಂತಿ ಬಿಟ್ಟು ಮೀಟಿದರೆ ಸೆಕೆಂಡಿಗೆ ಸುಮಾರು 82 ಸಲ ಅಲುಗುತ್ತದೆ. ಬೇಸಿನ ದಪ್ಪ ತಂತಿ ಅಲುಗುವುದು ಅದರ ಅರ್ಧ, ಸುಮಾರು 41 ಸಲ. ಕಮ್ಮಿ ಸಲ ಅಲುಗುತ್ತದೆ, ಹಾಗಾದರೆ ಸ್ಪೀಕರಿಗೆ ಕೆಲಸ ಕಮ್ಮಿ ತಾನೇ ಅನ್ನಿಸುತ್ತದೆ. ಇರುವುದು ಅದರ ತದ್ವಿರುದ್ಧ. ಸದ್ದು ಅಂದರೆ ಗಾಳಿಯನ್ನು ತಳ್ಳುವುದು. ಬೇಗ ಬೇಗ ಬೀಸಿದರೆ ಸಣ್ಣ ಬೀಸಣಿಗೆಯೂ ಸಾಕು. ನಿಧಾನಕ್ಕೆ ಬೀಸಿ ಅಷ್ಟೇ ಗಾಳಿ ಬರಬೇಕಾದರೆ ಕೈ ತುಂಬ ದೂರ ಹೋಗಿಬರಬೇಕು. ಸ್ಪೀಕರಿನ ಲೆಕ್ಕವೂ ಇದೇ. ಒಂದೇ ಸ್ಪೀಕರಿನಲ್ಲಿ ಅಷ್ಟೇ ಜೋರು ಬೇಕೆಂದರೆ, ಕಂಪನ ಅರ್ಧವಾದಾಗ ಕೋನು ಎರಡು ಪಟ್ಟಲ್ಲ, ನಾಲ್ಕು ಪಟ್ಟು ದೂರ ಹಿಂದೆ ಮುಂದೆ ಓಡಾಡಬೇಕು.

ಗಿಟಾರ್ ಸ್ಪೀಕರಿನ ಕೋನು ತೆಳು, ಹಗುರ. ಅಂಚು ಬಿಗಿ. ಹೆಚ್ಚು ದೂರ ಓಡಾಡಲು ಅದನ್ನು ಮಾಡಿಯೇ ಇಲ್ಲ. ಬೇಸ್ ಸ್ಪೀಕರಿನ ಕೋನು ಭಾರ, ಅಂಚು ಸಡಿಲ, ಕಾಯಿಲ್ ಉದ್ದ. ಪೆಟ್ಟಿಗೆಯಲ್ಲೂ ವ್ಯತ್ಯಾಸ ಇದೆ. ಗಿಟಾರ್ ಆಂಪುಗಳಲ್ಲಿ ಬಹಳಷ್ಟಕ್ಕೆ ಬೆನ್ನು ತೆರೆದಿರುತ್ತದೆ. ಮುಂದೆ ಹೊರಟ ಕೆಳದನಿ, ಹಿಂದೆ ಹೊರಟ ಕೆಳದನಿ ಒಂದನ್ನೊಂದು ಕೊಂದುಹಾಕುತ್ತವೆ. ಅದಕ್ಕೇ ಅದರಲ್ಲಿ ಬೇಸ್ ಎಷ್ಟು ಜೋರು ಮಾಡಿದರೂ ಹೊಟ್ಟೆ ತುಂಬುವುದಿಲ್ಲ. ಸಾಲಲಿಲ್ಲ ಅಂತ ಇನ್ನೂ ತಿರುಗಿಸುತ್ತೇವೆ. ಅಲ್ಲಿಗೆ ಕೋನು ಹರಿಯುತ್ತದೆ. ಬೇಸ್ ಆಂಪಿನ ಪೆಟ್ಟಿಗೆ ಪೂರ್ತಿ ಮುಚ್ಚಿರುತ್ತದೆ, ಇಲ್ಲವೇ ಲೆಕ್ಕ ಹಾಕಿ ಮಾಡಿದ ಒಂದು ಕಂಡಿ ಇರುತ್ತದೆ.

“ಮೂರು ಎಚ್‌ಪಿ ಮೋಟ್ರಿಗೆ ಐನೂರು ಅಡಿ ಬೋರಿನ ನೀರು ಎತ್ತು ಅಂದ್ರೆ ಎತ್ತುತ್ತಾ? ಸುಟ್ಕೊಳ್ಳುತ್ತೆ. ಮೋಟ್ರುದ್ದು ತಪ್ಪಲ್ಲ, ನೀರುದ್ದೂ ತಪ್ಪಲ್ಲ” ಅಂದರು ಯಜಮಾನರು. ತಪ್ಪು ಯಾರದ್ದು ಅಂತ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಕವಲು ವೈರನ್ನೂ ನೋಡಿದರು. ಅದನ್ನು ಕತ್ತರಿಸಿ ಬಿಸಾಡಿ ಅಂದರು. ಹಾಗೆ ಎರಡು ಗಿಟಾರನ್ನು ಒಟ್ಟಿಗೆ ಕಟ್ಟಿದರೆ ಒಂದರ ಪಿಕಪ್ಪು ಇನ್ನೊಂದಕ್ಕೆ ಹೊರೆಯಾಗುತ್ತದೆ. ಒಂದು ಗಿಟಾರಿನ ವಾಲ್ಯೂಮ್ ಕಮ್ಮಿ ಮಾಡಿದರೆ ಇನ್ನೊಂದರದ್ದೂ ಇಳಿಯುತ್ತದೆ. ಎಷ್ಟೋ ದಿನ ಅಭ್ಯಾಸದ ಹೊತ್ತಲ್ಲಿ ತಮ್ಮನಿಗೆ, “ಯಾಕೋ ಮಧ್ಯೆ ಮಧ್ಯೆ ನಿನ್ನ ಸದ್ದೇ ಇರಲ್ಲ, ನಿದ್ದೆ ಮಾಡ್ತೀಯಾ” ಅಂತ ಬೈದಿದ್ದೆ. ಅವನ ಸದ್ದು ಇಳಿಸುತ್ತಿದ್ದುದು ನನ್ನ ಗಿಟಾರಿನ ಗುಬಟ.

ಹಳೇ ಆಂಪಿಗೆ ಹೊಸ ಕೋನು ಹಾಕಿಸಿ ಮನೆಯಲ್ಲಿ ನುಡಿಸಿಕೊಳ್ಳಲು ಇಟ್ಟುಕೊಂಡೆ. ಆದರೆ ತಂಡಕ್ಕೆ ಬೇರೆ ಆಂಪು ಬೇಕೇ ಬೇಕು. ದುಡ್ಡು ಎಲ್ಲಿಂದ? ಅಟ್ಟದ ಮೇಲೆ ಕಾಯಿ ಇದ್ದವು. ನಮ್ಮ ಕಡೆ ಉಂಡೆ ಕೊಬ್ಬರಿಗೆ ಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಿಸುತ್ತೇವೆ. ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು, ಅಲುಗಿಸಿದರೆ ಗಡಗಡ ಅಂದಾಗ ಇಳಿಸುತ್ತೇವೆ. ಆ ಸಲದ ಕೊಬ್ಬರಿ ಮಾರಿದ ಮೇಲೆ ಅಪ್ಪ ಸೊಸೈಟಿ ಸಾಲ ಕಟ್ಟಿ, ಗೊಬ್ಬರಕ್ಕೆ ಎತ್ತಿಟ್ಟು, ಇಪ್ಪತ್ತೈದು ಸಾವಿರ ಕೈಗೆ ಕೊಟ್ಟರು. “ಇಬ್ಬರಿಗೂ ಸೇರಿ. ಇನ್ನೊಂದು ಸಲ ಕೇಳಂಗಿಲ್ಲ” ಅಂದರು.

ಇಬ್ಬರಿಗೂ ಸೇರಿ ಅನ್ನುವ ಮಾತು ನನಗೆ ಸರಿಯಾಗಿ ಕೇಳಿಸಲಿಲ್ಲ ಅಂತ ಈಗ ಅನ್ನಿಸುತ್ತದೆ. ನನ್ನ ಮನಸ್ಸಿನಲ್ಲಿ ಇದ್ದದ್ದು ವಾಲ್ವ್ ಇರುವ ಗಿಟಾರ್ ಆಂಪು. ವಾಲ್ವ್ ಅಂದರೆ ಹಳೇ ರೇಡಿಯೋಗಳಲ್ಲಿ ಕೆಂಪಗೆ ಉರಿಯುತ್ತಿದ್ದ ಗಾಜಿನ ಬುರುಡೆ. ಅದರ ಸದ್ದಿಗೆ ಗಿಟಾರ್ ನುಡಿಸುವವರು ಈಗಲೂ ಮನಸೋಲುತ್ತಾರೆ. ಫೋನಿನಲ್ಲಿ ಅದರ ವಿಡಿಯೋ ನೋಡುತ್ತಾ ಎಷ್ಟೋ ರಾತ್ರಿ ಮಲಗಿದ್ದೆ.

ತಮ್ಮನಿಗೆ ವಿಷಯ ಹೇಳಿದೆ. ಅವನು, “ನಿಂಗೆ ಬೇಕಾದ್ದು ತಗೋ ಅಣ್ಣ. ನಾನು ಬೇಸನ್ನ ಮೈಕ್ ಸೆಟ್ಟಿಗೇ ಹಾಕ್ಕೋತೀನಿ” ಅಂದ.

ಒಳ್ಳೇ ಉಪಾಯ ಅಂತ ಖುಷಿಪಟ್ಟೆ. ಅದು ಉಪಾಯ ಹೌದೋ ಅಲ್ಲವೋ ನೋಡೋಣ ಅಂತ ಒಂದು ಭಾನುವಾರ ಶಾಲೆ ಬಯಲಿನಲ್ಲಿ ಮೈಕ್ ಸೆಟ್ ಅಣ್ಣನ ಆಂಪ್ಲಿಫೈಯರಿನ ಮೈಕಿನ ತೂತಿಗೆ ಬೇಸ್ ಸಿಕ್ಕಿಸಿ ನೋಡಿದೆವು. ಮಂಕು ಸದ್ದು. ಮೈಕಿನ ದಾರಿ ಬೇರೆ, ಗಿಟಾರ್ ಪಿಕಪ್ಪಿನ ದಾರಿ ಬೇರೆ. ಪಿಕಪ್ಪಿಗೆ ತನ್ನ ಮೇಲೆ ಹೊರೆ ಹಾಕದ ಇನ್‌ಪುಟ್ ಬೇಕು. ನಡುವೆ ಡಿಐ ಬಾಕ್ಸ್ ಅನ್ನುವ ಸಣ್ಣ ಡಬ್ಬಿ ಇಟ್ಟರೆ ಸರಿಹೋಗುತ್ತದೆ. ಆದರೆ ಕಂಬಕ್ಕೆ ಕಟ್ಟಿದ ಕಹಳೆ ಸ್ಪೀಕರು ಮಾತಿಗೆ ಮಾಡಿದ್ದು. ಅದರಲ್ಲಿ ಕೆಳದನಿ ಬರುವುದೇ ಇಲ್ಲ. ತಮ್ಮ ‘ಗೀತಾ’ ಸಿನಿಮಾದ ಹಾಡಿನ ಬೇಸನ್ನು ನುಡಿಸಿದ. ಕಹಳೆಯಿಂದ ‘ಟಿಕ್ ಟಿಕ್’ ಅಂತ ಬೆರಳಿನ ಸದ್ದು ಮಾತ್ರ ಬಂತು. ಬಯಲಿನ ಆ ಕಡೆ ನಿಂತಿದ್ದ ನನಗೆ ಅವನ ಬೆರಳು ಓಡುವುದು ಕಾಣುತ್ತಿತ್ತು, ಏನೂ ಕೇಳುತ್ತಿರಲಿಲ್ಲ.

ಮೂರು ವರ್ಷದಿಂದ ಇವನು ನುಡಿಸಿದ್ದನ್ನು ಇವನೇ ಒಂದು ದಿನವೂ ಸರಿಯಾಗಿ ಕೇಳಿಲ್ಲ ಅಂತ ಆವತ್ತು ಹೊಳೆಯಿತು.

ಇಬ್ಬರೂ ಬೆಂಗಳೂರಿಗೆ ಹೋದೆವು. ಬೆಳಗಿನ ರೈಲು, ಜನರಲ್ ಬೋಗಿ, ಎರಡು ಗಿಟಾರ್ ಚೀಲ ಮಡಿಲಲ್ಲಿ. ನಮ್ಮ ಗಿಟಾರುಗಳನ್ನೇ ತೆಗೆದುಕೊಂಡು ಹೋದದ್ದು ಒಳ್ಳೆಯದಾಯಿತು. ಅಂಗಡಿಯವರ ದುಬಾರಿ ಗಿಟಾರಿನಲ್ಲಿ ಎಲ್ಲ ಆಂಪೂ ಚೆನ್ನಾಗೇ ಕೇಳುತ್ತವೆ. ಸಂಗೀತ ವಾದ್ಯದ ಅಂಗಡಿಗಳನ್ನು ಸುತ್ತಿದೆವು, ವೈರು ಜ್ಯಾಕುಗಳಿಗೆ ಎಸ್.ಪಿ. ರಸ್ತೆಗೂ ಹೋದೆವು.

ಒಂದು ಅಂಗಡಿಯಲ್ಲಿದ್ದ ಹುಡುಗ ಮೊದಲು ಕೇಳಿದ ಪ್ರಶ್ನೆ ಎಲ್ಲಕ್ಕಿಂತ ಮುಖ್ಯವಾದದ್ದು. “ಎರಡನ್ನೂ ಒಟ್ಟಿಗೆ ನುಡಿಸ್ತೀರಾ, ಒಂದಾದ ಮೇಲೆ ಒಂದಾ?” ನಾವು ಇದನ್ನು ಯೋಚಿಸಿಯೇ ಇರಲಿಲ್ಲ. ಮನೆಯಲ್ಲಿ ಒಬ್ಬನೇ ಎರಡನ್ನೂ ಕಲಿಯುತ್ತಿದ್ದರೆ ಒಂದಾದ ಮೇಲೆ ಒಂದು. ನಮ್ಮಂಥ ತಂಡವಾದರೆ ಒಟ್ಟಿಗೆ. ಒಟ್ಟಿಗೆ ಅಂದಾಗ ಒಂದು ಸ್ಪೀಕರು ಎರಡು ಕೆಲಸ ಮಾಡಬೇಕು. ಬೇಸಿಗೆ ಕೋನು ದೊಡ್ಡದಾಗಿ ಓಡಾಡುವಾಗ ಅದರ ಬೆನ್ನ ಮೇಲೆ ಕೂತ ಗಿಟಾರಿನ ದನಿ ನಡುಗುತ್ತದೆ. ಅದರ ಮೇಲೆ ಡಿಸ್ಟಾರ್ಶನ್ ಹಾಕಿದರಂತೂ ಎರಡೂ ಕಲಸಿ ಅಂಬಲಿ.

ನಮ್ಮ ಮುಂದೆ ನಾಲ್ಕು ದಾರಿ ಇದ್ದವು. ಒಂದೊಂದಾಗಿ ನುಡಿಸಿ ನೋಡಿದೆವು.

ಮೊದಲನೆಯದು ದೊಡ್ಡ ಗಿಟಾರ್ ಆಂಪು. ನನ್ನ ಗಿಟಾರು ಅದರಲ್ಲಿ ಹಾಡಿತು. ಬೇಸ್ ಹಾಕಿ ಮೆಲ್ಲಗೆ ನುಡಿಸಿದಾಗ ತೊಂದರೆ ಇರಲಿಲ್ಲ. ಹಾಸ್ಟೆಲ್ ರೂಮಿನಲ್ಲಿ ಅಭ್ಯಾಸಕ್ಕೆ ಹೀಗೆ ಹಾಕಿದರೆ ಏನೂ ಆಗುವುದಿಲ್ಲ. ಜೋರು ಮಾಡಿದ ತಕ್ಷಣ ಕೋನು ಪಟಪಟ ಅನ್ನತೊಡಗಿತು. ಆ ಸದ್ದು ನನಗೆ ಗೊತ್ತಿತ್ತು. ನಾನೇ ಕೈ ಚಾಚಿ ವಾಲ್ಯೂಮ್ ಇಳಿಸಿದೆ.

ಎರಡನೆಯದು ಕೀಬೋರ್ಡ್ ಆಂಪು. ಇದು ಕೆಳದನಿ ಮೇಲ್ದನಿ ಎರಡನ್ನೂ ಇದ್ದ ಹಾಗೆ ಕೊಡುತ್ತದೆ, ಎರಡು ಮೂರು ಇನ್‌ಪುಟ್ ಇರುತ್ತವೆ, ಒಂದೊಂದಕ್ಕೂ ಬೇರೆ ವಾಲ್ಯೂಮ್. ಎರಡನ್ನೂ ಒಟ್ಟಿಗೆ, ಮಧ್ಯಮ ಸದ್ದಿನಲ್ಲಿ ನುಡಿಸುವವರಿಗೆ ಇದು ಒಳ್ಳೆಯ ಆಯ್ಕೆ. ಮೂರನೆಯದು ಒಳಗೇ ಆಂಪ್ಲಿಫೈಯರ್ ಇರುವ, ಸ್ಟ್ಯಾಂಡಿನ ಮೇಲೆ ನಿಲ್ಲಿಸುವ ಪಿಎ ಸ್ಪೀಕರ್. ಇದೂ ಹೆಚ್ಚುಕಮ್ಮಿ ಅದೇ ಗುಣದ್ದು. ಹಾಡುವವರ ಮೈಕೂ ಅದಕ್ಕೆ ಹಾಕಬಹುದು. ಆದರೆ ಗಿಟಾರನ್ನು ಇವೆರಡಕ್ಕೂ ನೇರವಾಗಿ ಹಾಕಿದರೆ ಪ್ಲಾಸ್ಟಿಕ್ ಬಕೆಟ್ ಬಡಿದ ಹಾಗೆ ಸಪ್ಪೆ. ನಮ್ಮ ದುಡ್ಡಿನೊಳಗೆ ಸಿಗುವ ಗಾತ್ರದಲ್ಲಿ, ನಾವು ನೋಡಿದ ಎರಡರಲ್ಲೂ ಡ್ರಮ್ಸ್ ಪಕ್ಕ ಬೇಸಿಗೆ ಬಲ ಸಾಲುತ್ತಿರಲಿಲ್ಲ.

ನಾಲ್ಕನೆಯದು ಬೇಸ್ ಆಂಪು. ಬೇಸ್ ಹಾಕಿದೆವು. ತಮ್ಮ ಕೆಳಗಿನ ತಂತಿ ಒಂದು ಸಲ ಮೀಟಿದ. ಅಂಗಡಿಯ ಗಾಜಿನ ಬಾಗಿಲು ‘ಝುಂ’ ಅಂತು. ಅವನು ಹಾಗೇ ನಿಂತುಬಿಟ್ಟ. ಇನ್ನೊಂದು ಸಲ ಮೀಟಿ ಆಂಪಿನ ಮೇಲೆ ಅಂಗೈ ಇಟ್ಟ, ಹಸುವಿನ ಮೈ ಮುಟ್ಟುವ ಹಾಗೆ.

ಅದಕ್ಕೇ ನನ್ನ ಗಿಟಾರ್ ಹಾಕಿದೆ. ಏನೂ ಕೆಡಲಿಲ್ಲ. ಕೆಡುವುದೂ ಇಲ್ಲ. ಬೇಸಿನ ಭಾರ ಹೊತ್ತ ಸ್ಪೀಕರಿಗೆ ಗಿಟಾರ್ ಹಗುರ. ಸದ್ದು ಸ್ವಚ್ಛವಾಗಿತ್ತು, ಸ್ವಲ್ಪ ಮಂಕು. ಮಿಡ್ ಮತ್ತು ಟ್ರೆಬಲ್ ಏರಿಸಿ, ಬೇಸ್ ಗುಬಟ ಇಳಿಸಿದಾಗ ಹಾಡಿಗೆ ಸಾಕು ಅನ್ನುವಷ್ಟಾಯಿತು. ಡಿಸ್ಟಾರ್ಶನ್ ಪೆಡಲ್ ಹಾಕಿದಾಗ ಮಾತ್ರ ಜೇನುಹುಳ ಕಿವಿಗೆ ಹೊಕ್ಕಂತಾಯಿತು. ಅಂಗಡಿ ಹುಡುಗ ಕಾರಣ ಹೇಳಿದ. ಗಿಟಾರ್ ಸ್ಪೀಕರು ಸುಮಾರು ಐದು ಸಾವಿರ ಹರ್ಟ್ಸ್ ಮೇಲಿನ ಸದ್ದನ್ನು ತಾನಾಗಿಯೇ ಕತ್ತರಿಸಿಬಿಡುತ್ತದೆ. ಡಿಸ್ಟಾರ್ಶನ್ನಿನ ಕರ್ಕಶ ಇರುವುದು ಅಲ್ಲೇ. ಬೇಸ್ ಆಂಪಿನಲ್ಲಿದ್ದ ಸಣ್ಣ ಟ್ವೀಟರು ಅದನ್ನೆಲ್ಲ ಹೊರಗೆ ಬಿಡುತ್ತಿತ್ತು. ಟ್ವೀಟರ್ ಆಫ್ ಮಾಡಿದ. ಅರ್ಧ ಸರಿಹೋಯಿತು. ಆಮೇಲೆ ಒಂದು ಮಲ್ಟಿ ಎಫೆಕ್ಟ್ಸ್ ಪೆಡಲ್ ತಂದು ಅದರಲ್ಲಿ ಕ್ಯಾಬ್ ಸಿಮ್ಯುಲೇಶನ್ ಅನ್ನುವುದನ್ನು ಆನ್ ಮಾಡಿದ. ಗಿಟಾರ್ ಆಂಪಿನ ಪೆಟ್ಟಿಗೆಯ ಗುಣವನ್ನು ಪೆಡಲ್ಲೇ ನಟಿಸುತ್ತದೆ. ಉಳಿದರ್ಧವೂ ಸರಿಹೋಯಿತು.

ವಾಲ್ವ್ ಆಂಪಿನಷ್ಟು ಚೆನ್ನಾಗಿತ್ತಾ? ಇಲ್ಲ. ಸುಳ್ಳು ಹೇಳುವುದಿಲ್ಲ.

ಮಧ್ಯಾಹ್ನ ಊಟ ಮಾಡುತ್ತಾ ಅಂಗಡಿ ಹುಡುಗ ಹೇಳಿದ ಒಂದು ಕಥೆ ನೆನಪಾಗುತ್ತಿತ್ತು. ಊರಿಗೆ ಬಂದ ಮೇಲೆ ಹುಡುಕಿ ಓದಿದೆ, ನಿಜವೇ. ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ಎಂಬ ಎಲೆಕ್ಟ್ರಿಕ್ ಬೇಸನ್ನು ಮಾರುಕಟ್ಟೆಗೆ ತಂದರು. ಅದಕ್ಕೆ ತಕ್ಕ ಆಂಪು ಬೇಕಲ್ಲ, 1952ರಲ್ಲಿ ಬೇಸ್‌ಮನ್ ಅಂತ ಒಂದು ಮಾಡಿದರು. ಮೊದಲು ಒಂದೇ 15 ಇಂಚಿನ ಸ್ಪೀಕರು, ಮುಂದೆ ಅದೇ ದಶಕದಲ್ಲಿ 10 ಇಂಚಿನ ನಾಲ್ಕು ಸ್ಪೀಕರು. ಬೇಸಿಗೆ ಅಂತ ಮಾಡಿದ ಅದನ್ನು ಗಿಟಾರ್ ನುಡಿಸುವವರು ತಮ್ಮದು ಮಾಡಿಕೊಂಡರು. 1960ರ ದಶಕದ ಆರಂಭದಲ್ಲಿ ಲಂಡನ್ನಿನಲ್ಲಿ ಜಿಮ್ ಮಾರ್ಷಲ್ ಅವರ ಅಂಗಡಿಯಲ್ಲಿ ತಯಾರಾದ ಜೆಟಿಎಂ 45 ಎಂಬ ಆಂಪಿಗೆ ಆ ಬೇಸ್‌ಮನ್ನಿನ ಸರ್ಕ್ಯೂಟೇ ಮಾದರಿ. ರಾಕ್ ಗಿಟಾರಿನ ಸದ್ದು ಅಂತ ಜಗತ್ತು ಯಾವುದನ್ನು ಮೆಚ್ಚಿತೋ ಅದರ ಬೇರಿನಲ್ಲಿ ಒಂದು ಬೇಸ್ ಆಂಪು ಇದೆ. ಬೇಸಿಗೆ ಮಾಡಿದ್ದರಲ್ಲಿ ಗಿಟಾರು ಬದುಕುತ್ತದೆ. ಗಿಟಾರಿಗೆ ಮಾಡಿದ್ದರಲ್ಲಿ ಬೇಸು ಬದುಕುವುದಿಲ್ಲ.

ತಮ್ಮ ಮತ್ತೆ ಅದೇ ಮಾತು ಹೇಳಿದ. “ನಿಂಗೆ ಬೇಕಾದ್ದು ತಗೋ ಅಣ್ಣ.”

“ಸುಮ್ನಿರೋ” ಅಂದೆ. “ಬೇಸ್ ಆಂಪೇ ತಗೊಳ್ಳೋಣ.”

ಅವನು ಮೊಸರನ್ನಕ್ಕೆ ಉಪ್ಪಿನಕಾಯಿ ಕಲಸುತ್ತಾ, “ಗಣಪತಿ ದಿನ ನಾನೇ ತಿರುಗಿಸಿರ್ಬೋದು ವಾಲ್ಯೂಮು, ನಂಗೆ ಸರಿಯಾಗಿ ನೆನಪಿಲ್ಲ” ಅಂದ. ನನ್ನನ್ನು ಉಳಿಸಲು ಹೇಳಿದ ಮಾತು ಅದು. ತಿರುಗಿಸಿದ್ದು ಯಾರು ಅಂತ ಇಬ್ಬರಿಗೂ ಗೊತ್ತಿತ್ತು.

“ನಾನೇ ಕಣೋ ತಿರುಗಿಸಿದ್ದು. ಅಂದದ್ದೂ ತಪ್ಪಾಯ್ತು.” ಇಷ್ಟು ಹೇಳಲು ನನಗೆ ಏಳು ತಿಂಗಳು ಹಿಡಿಯಿತು. ಅವನು ತಲೆ ಎತ್ತಲಿಲ್ಲ. “ಆಯ್ತು ಬಿಡು, ರೈಲಿಗೆ ಲೇಟಾಗುತ್ತೆ” ಅಂದ.

ಹೊಸದು ನಮ್ಮ ಕೈಗೆ ಎಟುಕಲಿಲ್ಲ. ಕೆಲಸ ಬಿಟ್ಟು ಊರಿಗೆ ಹೊರಟಿದ್ದ ಒಬ್ಬರ ಹತ್ತಿರ ಹದಿನೇಳು ಸಾವಿರಕ್ಕೆ 100 ವ್ಯಾಟಿನ, 15 ಇಂಚಿನ ಸ್ಪೀಕರಿನ ಸೆಕೆಂಡ್ ಹ್ಯಾಂಡ್ ಬೇಸ್ ಆಂಪು ಸಿಕ್ಕಿತು. ಆರೂವರೆ ಸಾವಿರಕ್ಕೆ ಹಳೇ ಮಲ್ಟಿ ಎಫೆಕ್ಟ್ಸ್ ಪೆಡಲ್. ಉಳಿದದ್ದು ವೈರಿಗೆ, ರೈಲಿಗೆ, ಆಂಪನ್ನು ಸ್ಟೇಷನ್ನಿಗೆ ತಂದ ಆಟೋಗೆ.

ನೀವೂ ಇಂಥದ್ದೇ ಯೋಚನೆಯಲ್ಲಿದ್ದರೆ ನಮ್ಮ ಅನುಭವದಿಂದ ಕೆಲವು ಮಾತು.

ವ್ಯಾಟ್ ನೋಡಿ ಮೋಸ ಹೋಗಬೇಡಿ. 50 ವ್ಯಾಟಿನದ್ದಕ್ಕಿಂತ 100 ವ್ಯಾಟಿನದ್ದು ಎರಡು ಪಟ್ಟು ಜೋರು ಅಲ್ಲ. ಕಿವಿಗೆ ತಿಳಿಯುವುದು ಬರೀ 3 ಡೆಸಿಬೆಲ್ ವ್ಯತ್ಯಾಸ. ಕಿವಿಗೆ ಎರಡು ಪಟ್ಟು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಹಾಗಾಗಿ ವ್ಯಾಟಿಗಿಂತ ಮೊದಲು ಸ್ಪೀಕರಿನ ಗಾತ್ರ, ಪೆಟ್ಟಿಗೆಯ ಗಟ್ಟಿತನ ನೋಡಿ. ಆದರೂ ಡ್ರಮ್ಸ್ ಜೊತೆ ಬೇಸ್ ನುಡಿಸಲು 20, 30 ವ್ಯಾಟಿನದ್ದು ಸಾಲುವುದಿಲ್ಲ.

ಸೆಕೆಂಡ್ ಹ್ಯಾಂಡ್ ಆದರೆ ಬೇಸಿನ ದಪ್ಪ ತಂತಿಯನ್ನು ಬಿಟ್ಟು ಮೀಟಿ, ನಿಧಾನಕ್ಕೆ ಜೋರು ಮಾಡುತ್ತಾ ಕೇಳಿ. ಕರಕರ, ಪಟಪಟ ಇದ್ದರೆ ಬೇಡ. ಗುಬಟಗಳನ್ನೆಲ್ಲ ಒಂದೊಂದಾಗಿ ತಿರುಗಿಸಿ ನೋಡಿ. ಹೆಚ್ಚುವರಿ ಸ್ಪೀಕರ್ ಜೋಡಿಸುವುದಿದ್ದರೆ ಆಂಪಿನ ಹಿಂದೆ ಬರೆದ ಓಮ್ ಸಂಖ್ಯೆಗಿಂತ ಕಮ್ಮಿ ಆಗದ ಹಾಗೆ ನೋಡಿಕೊಳ್ಳಿ. ಎಂಟು ಓಮಿನ ಎರಡು ಸ್ಪೀಕರ್ ಸಮಾನಾಂತರವಾಗಿ ಜೋಡಿಸಿದರೆ ನಾಲ್ಕು ಓಮ್ ಆಗುತ್ತದೆ. ಆಂಪಿಗೆ ಅದು ತಡೆಯದಿದ್ದರೆ ಕಾದು ಸುಡುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಅರ್ಥಿಂಗ್. ಆಂಪಿನಲ್ಲಿ ‘ಗುಂಯ್’ ಅಂತ ಸದ್ದು ಬರುತ್ತದೆಂದು ಮೂರು ಪಿನ್ನಿನ ಪ್ಲಗ್ಗಿನಿಂದ ದಪ್ಪ ಪಿನ್ನು ಮುರಿದುಹಾಕುವವರನ್ನು ನೋಡಿದ್ದೇನೆ. ದಯವಿಟ್ಟು ಮಾಡಬೇಡಿ. ಗಿಟಾರಿನ ತಂತಿಗಳು ಆಂಪಿನ ಅರ್ಥಿಗೆ ಸೇರಿರುತ್ತವೆ. ಅರ್ಥ್ ಕಿತ್ತು, ಆಂಪಿನೊಳಗೆ ಏನಾದರೂ ಕೆಟ್ಟರೆ ಕರೆಂಟು ಬರುವುದು ನಿಮ್ಮ ಬೆರಳಿಗೆ. ತಂತಿ ಹಿಡಿದ ಕೈ, ತುಟಿಯ ಹತ್ತಿರ ಮೈಕು, ಮಳೆಯಲ್ಲಿ ಒದ್ದೆಯಾದ ನೆಲ, ಬರಿಗಾಲು: ನಮ್ಮ ಹಬ್ಬದ ವೇದಿಕೆ ಇರುವುದೇ ಹೀಗೆ. ಕಾರ್ಯಕ್ರಮಕ್ಕೆ ಮೊದಲು ವೈರಿಂಗ್ ಬಲ್ಲವರಿಂದ ಅರ್ಥ್ ಪರೀಕ್ಷೆ ಮಾಡಿಸಿ.

ಈಗ ನಾವು ಹೀಗೆ ಮಾಡುತ್ತೇವೆ. ಅಭ್ಯಾಸದ ಹೊತ್ತಲ್ಲಿ ಬೇಸ್ ಮತ್ತು ನನ್ನ ಪೆಡಲ್ ಎರಡೂ ಒಂದು ಸಣ್ಣ ಮಿಕ್ಸರಿಗೆ ಹೋಗಿ, ಅಲ್ಲಿಂದ ಒಂದು ವೈರು ಆಂಪಿಗೆ. ಸದ್ದು ಮಿತವಾಗಿರುತ್ತದೆ, ಹಾಗಾಗಿ ಎರಡೂ ಸ್ಪಷ್ಟ. ಇಬ್ಬರಿಗೂ ಬೇರೆ ಬೇರೆ ಗುಬಟ. ಕಾರ್ಯಕ್ರಮದ ದಿನ ಬೇಸ್ ಒಂದೇ ಆಂಪಿಗೆ, ನನ್ನ ಗಿಟಾರು ಪೆಡಲ್ಲಿನಿಂದ ನೇರ ಮೈಕ್ ಸೆಟ್ಟಿನವರ ಮಿಕ್ಸರಿಗೆ. ಪಿಎ ಬಾಕ್ಸುಗಳಿರುವ ಸೆಟ್ಟನ್ನೇ ಹೇಳುತ್ತೇವೆ. ಕೆಲವು ಸಲ ನನ್ನ ಸದ್ದು ನನಗೇ ಸರಿಯಾಗಿ ಕೇಳುವುದಿಲ್ಲ. ಮೂರು ವರ್ಷ ತಮ್ಮ ಹೀಗೇ ನುಡಿಸಿದ್ದಾನೆ, ನಾನೂ ಸ್ವಲ್ಪ ದಿನ ನುಡಿಸಿದರೆ ಏನಾಗುತ್ತದೆ.

ಆಂಪು ಮನೆಗೆ ಬಂದ ರಾತ್ರಿ ಅದನ್ನು ನಡುಮನೆಯಲ್ಲಿ, ಅಟ್ಟದ ಕೆಳಗೇ ಇಟ್ಟಿದ್ದೆವು. ಹೊಸ ಕಾಯಿ ಒಂದು ಕಡೆ, ಹಿಂದಿನ ಸಲ ಉಳಿದ ಒಂದಿಷ್ಟು ಒಣಗಿದ ಕಾಯಿ ಇನ್ನೊಂದು ಕಡೆ ಇದ್ದವು. ಊಟವಾದ ಮೇಲೆ ತಮ್ಮ ‘ಗೀತಾ’ ಸಿನಿಮಾದ ಹಾಡಿನ ಬೇಸು ನುಡಿಸಿದ. ನಾನು ಗಿಟಾರ್ ಮುಟ್ಟಲಿಲ್ಲ, ಸುಮ್ಮನೆ ಗೋಡೆಗೆ ಒರಗಿ ಕೂತೆ. ಬೆನ್ನಿನ ಹಿಂದೆ ಗೋಡೆ ನಡುಗುತ್ತಿತ್ತು. ಅವನು ಕೆಳಗಿನ ತಂತಿಗೆ ಇಳಿದಾಗಲೆಲ್ಲ ಅಟ್ಟದ ಹಲಗೆ ‘ಗುಂ’ ಅಂದು, ಮೇಲೆ ಎಲ್ಲೋ ಒಂದೆರಡು ಕಾಯಿ ಗಡಗಡ ಅಂದವು.

ಅಮ್ಮ ಅಡುಗೆಮನೆಯಿಂದ ತಲೆ ಹೊರಹಾಕಿ ಮೇಲೆ ನೋಡಿದರು.

“ಆ ಮೂಲೇವು ಒಣಗಿದಾವೆ ಕಣ್ರೋ” ಅಂದರು. “ನಾಳೆ ಇಬ್ಬರೂ ಸೇರಿ ಇಳಿಸಿ.”